ಮೀಸೆಗೆ ಮೆತ್ತಿದ ಮಣ್ಣು

ಬರೆಯುವುದು, ಚಿತ್ರ ಬಿಡಿಸುವುದು, ನಾಟಕ ಕಟ್ಟುವುದು, ಹೀಗೆ ಯಾವುದೋ ಕೆಲಸದಲ್ಲಿ ಸೋತದ್ದರ ಬಗ್ಗೆ ಏಳು ನಿಮಿಷ ಮಾತಾಡಿ ಎಂದು ಕರೆದರೆ, ಹೆಚ್ಚಿನವರು ಹೋಗಿ ಗೆದ್ದದ್ದರ ಬಗ್ಗೆ ಮಾತಾಡಿ ಬರುತ್ತಾರೆ. ಬೇಕೆಂದೇ ಮಾಡುವುದಲ್ಲ. ಮೊದಲ ಎರಡು ನಿಮಿಷ ಪಟ್ಟ ಪಾಡು, ನಡುವೆ ಒಂದು ತಿರುವು, ಉಳಿದ ಹೊತ್ತೆಲ್ಲ ಆಮೇಲೆ ಬಂದ ಪುಸ್ತಕ, ಆಮೇಲೆ ಸಿಕ್ಕ ಮೆಚ್ಚುಗೆ. ಮಾತು ತಾನಾಗಿ ಆ ಕಡೆಗೇ ಜಾರುತ್ತದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಇಂಥ ಭಾಷಣ ಕೇಳಿದವರೇ ಕಟ್ಟಿರಬೇಕು. ಕೂತು ಕೇಳುವವರಿಗೆ ಬೇಕಿರುವುದೋ, ಆ ಮಣ್ಣೇ.

ಮೊದಲು ಹೊತ್ತಿನ ಲೆಕ್ಕ. ಚಿಕ್ಕ ಮಾತಿಗೆ ಈಗ ಕೆಲವು ಸಿದ್ಧ ಅಚ್ಚುಗಳಿವೆ. 2003ರಲ್ಲಿ ಟೋಕಿಯೋದಲ್ಲಿ ಶುರುವಾದ ಪೆಚಾಕುಚಾದಲ್ಲಿ ಮಾತಿನ ಜೊತೆ ಪರದೆಯ ಮೇಲೆ 20 ಚಿತ್ರ, ಚಿತ್ರಕ್ಕೆ 20 ಸೆಕೆಂಡು, ಒಟ್ಟು 6 ನಿಮಿಷ 40 ಸೆಕೆಂಡು. 2006ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಇಗ್ನೈಟ್‌ನಲ್ಲಿ ಅದೇ 20 ಚಿತ್ರ, ಆದರೆ 15 ಸೆಕೆಂಡಿಗೊಂದು, ಸರಿಯಾಗಿ 5 ನಿಮಿಷ. ಎರಡರಲ್ಲೂ ಚಿತ್ರಗಳು ತಾವಾಗಿ ಮುಂದಕ್ಕೆ ಹೋಗುತ್ತವೆ. ಬೇರೆ ವಿಷಯಗಳಿಗೆ ಇದು ಒಳ್ಳೆಯ ಕಡಿವಾಣ. ಸೋಲಿನ ಮಾತಿಗೆ ಮಾತ್ರ ಕಷ್ಟ. ಗಂಟಲು ಕಟ್ಟಿ ಹತ್ತು ಸೆಕೆಂಡು ನಿಂತರೂ ಚಿತ್ರ ನಿಮ್ಮನ್ನು ಬಿಟ್ಟು ಮುಂದೆ ಹೋಗಿರುತ್ತದೆ, ಉಳಿದಷ್ಟೂ ಹೊತ್ತು ಅದರ ಹಿಂದೆ ಓಡಬೇಕು. ಇಂಥ ಅಚ್ಚಿನಲ್ಲೇ ಮಾತಾಡಬೇಕಾಗಿ ಬಂದರೆ ಒಂದು ಉಪಾಯವಿದೆ. ಭಾರವಾದ ಜಾಗದಲ್ಲಿ ಒಂದೇ ಚಿತ್ರವನ್ನು ಸಾಲಾಗಿ ಮೂರು ಸಲ ಇಡಿ. ನೋಡುವವರಿಗೆ ಚಿತ್ರ ನಿಂತಿದೆ ಅಷ್ಟೇ. ನಿಮಗೆ ಪೆಚಾಕುಚಾದಲ್ಲಾದರೆ ಒಂದು ನಿಮಿಷ, ಇಗ್ನೈಟ್‌ನಲ್ಲಾದರೆ ಮುಕ್ಕಾಲು ನಿಮಿಷ ಸಿಕ್ಕಿತು.

ಎಷ್ಟು ಪದ ಬರೆದುಕೊಳ್ಳಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಭಾಷಣ ಕಲೆಯ ಕೈಪಿಡಿಗಳು ನಿಮಿಷಕ್ಕೆ 130ರಿಂದ 150 ಪದ ಎನ್ನುತ್ತವೆ. ಅದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ವಿಭಕ್ತಿ, ಕಾಲ, ಒತ್ತು ಎಲ್ಲವೂ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ; ‘ಬರೆಯದಿದ್ದವರಿಗೂ’ ಅನ್ನುವುದು ನಮಗೆ ಒಂದು ಪದ. ಉಸಿರು, ನಿಲುಗಡೆ ಸೇರಿಸಿ ನಿಮಿಷಕ್ಕೆ 80ರಿಂದ 100 ಎಂದು ಹಿಡಿಯುವುದು ಕ್ಷೇಮ. ನಿಮ್ಮದೇ ವೇಗ ಬೇಕಿದ್ದರೆ ಬರೆದದ್ದನ್ನು ಎದುರಿಗೆ ಒಬ್ಬರು ಕೂತಿದ್ದಾರೆ ಎಂಬಂತೆ ಗಟ್ಟಿಯಾಗಿ ಒಂದು ನಿಮಿಷ ಓದಿ ಎಣಿಸಿ. ಏಳು ನಿಮಿಷಕ್ಕೆ 550 ಪದ ಬರೆಯಿರಿ, ಹೆಚ್ಚು ಬೇಡ. ಮನೆಯಲ್ಲಿ ಓದಿದಾಗ ಆರೂಕಾಲು ನಿಮಿಷಕ್ಕೆ ಮುಗಿದರೆ ವೇದಿಕೆಯ ಮೇಲೆ ಏಳಕ್ಕೆ ಮುಗಿಯುತ್ತದೆ. ನಗು, ಕೆಮ್ಮು, ಮೈಕು ಸರಿ ಮಾಡುವುದು, ಎಲ್ಲಕ್ಕೂ ಆ ಮುಕ್ಕಾಲು ನಿಮಿಷ ಬೇಕು.

ಇನ್ನು ಯಾವ ಸೋಲು ಎಂಬ ಪ್ರಶ್ನೆ. ಒಂದೇ ಒಂದು. ಇಡೀ ಬದುಕಿನ ಸೋಲುಗಳನ್ನು ಪಟ್ಟಿ ಮಾಡುವುದಕ್ಕೂ ಅದರದೇ ಒಂದು ಪ್ರಕಾರವಿದೆ. 2010ರಲ್ಲಿ ವಿಜ್ಞಾನಿ ಮೆಲನಿ ಸ್ಟೆಫಾನ್ ‘ನೇಚರ್’ ಪತ್ರಿಕೆಯಲ್ಲಿ, ಸಿಗದ ಹುದ್ದೆ, ತಿರಸ್ಕೃತ ಪ್ರಬಂಧಗಳನ್ನೆಲ್ಲ ಸೇರಿಸಿ ‘ಸೋಲಿನ ಸಿವಿ’ ಬರೆಯಿರಿ ಎಂದು ಸಹೋದ್ಯೋಗಿಗಳಿಗೆ ಸೂಚಿಸಿದ್ದರು. 2016ರಲ್ಲಿ ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ಯೊಹಾನೆಸ್ ಹೌಸ್‌ಹೋಫರ್ ತಮ್ಮ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟರು. ತಮ್ಮ ಸಂಶೋಧನೆಗಳಿಗೆಲ್ಲ ಸೇರಿ ಸಿಗದಷ್ಟು ಗಮನ ಈ ಪಟ್ಟಿಗೆ ಸಿಕ್ಕಿತು ಎಂಬುದನ್ನೂ ಅದೇ ಪಟ್ಟಿಯ ಕೊನೆಗೆ ಸೋಲಾಗಿ ಸೇರಿಸಿದರು. ಓದುವುದಕ್ಕೆ ಅದು ಚೆನ್ನ, ಕಣ್ಣು ಮೇಲೆ ಕೆಳಗೆ ಓಡಾಡಬಹುದು. ಕಿವಿಗೆ ಪಟ್ಟಿ ನಿಲ್ಲುವುದಿಲ್ಲ. ನಾಲ್ಕನೆಯ ಸೋಲು ಹೇಳುವಾಗ ಎರಡನೆಯದು ಮರೆತಿರುತ್ತದೆ. ಅಲ್ಲದೆ ಪಟ್ಟಿ ಉದ್ದವಾದಷ್ಟೂ ‘ಇಷ್ಟು ಬಿದ್ದರೂ ನೋಡಿ ಎಲ್ಲಿದ್ದೇನೆ’ ಎಂಬ ದನಿ ತಾನಾಗಿ ಸೇರಿಕೊಳ್ಳುತ್ತದೆ.

ಆರಿಸುವಾಗ ತಿರಸ್ಕಾರದ ಕತೆಯನ್ನು ಆದಷ್ಟು ಬದಿಗಿಡುವುದು ಒಳ್ಳೆಯದು. ಕತೆ ವಾಪಸು ಬಂತು, ಆಯ್ಕೆ ಸಮಿತಿಗೆ ಚಿತ್ರ ಹಿಡಿಸಲಿಲ್ಲ ಎಂಬಲ್ಲಿ ತೀರ್ಮಾನ ಬೇರೆಯವರದು. ಕೇಳುವವರು ಮನಸ್ಸಿನಲ್ಲೇ ನಿಮ್ಮ ಪರ ವಕಾಲತ್ತು ವಹಿಸಿ, ಸಮಾಧಾನ ಹೇಳಿ, ಮರೆತುಬಿಡುತ್ತಾರೆ. ನೀವೇ ತೆಗೆದುಕೊಂಡ ಒಂದು ತಪ್ಪು ನಿರ್ಧಾರ, ನೀವೇ ಮುಂದೂಡಿದ ಒಂದು ಕೆಲಸ, ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡ ಒಂದು ದೋಷ, ಇವು ಹೇಳಲು ಕಷ್ಟ. ಆ ಕಷ್ಟವೇ ಸರಿಯಾದ ಜಾಗದ ಗುರುತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾದಂಬರಿಯೊಂದನ್ನು ಆರು ವರ್ಷ ಬರೆದು 214ನೇ ಪುಟಕ್ಕೆ ಕೈಬಿಟ್ಟ ಒಬ್ಬ ಲೇಖಕಿ. ಮೊದಲ ಅಧ್ಯಾಯವನ್ನೇ ಹನ್ನೊಂದು ಸಲ ತಿದ್ದಿದ್ದಾರೆ, ಕೊನೆಯ ಅಧ್ಯಾಯಕ್ಕೆ ಕೈಯೇ ಹಾಕಿಲ್ಲ. ಎರಡನೆಯ ವರ್ಷ ಒಬ್ಬ ಗೆಳತಿ ಓದಿ 40ನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಇಲ್ಲಿಂದ ಶುರು ಮಾಡು’ ಎಂದು ಬರೆದುಕೊಟ್ಟಿದ್ದಳು. ಆ ಹಾಳೆ ಡ್ರಾಯರಿಗೆ ಹೋಯಿತು. ಈ ಕತೆಯಲ್ಲಿ ‘ಕಾದಂಬರಿ ಬರೆಯುವುದು ಎಷ್ಟು ಕಷ್ಟ’ ಎಂಬುದು ಭಾಷಣದ ವಿಷಯವಲ್ಲ. ಆ ಹಾಳೆ ವಿಷಯ. ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ವಸ್ತು, ಒಂದು ಸಂಖ್ಯೆ, ಒಂದು ದಿನ, ಈ ಮೂರೂ ಇಲ್ಲದ ಸೋಲನ್ನು ಏಳು ನಿಮಿಷದಲ್ಲಿ ಹೇಳಲು ಹೋಗಬೇಡಿ. ಗಾಳಿಯಲ್ಲೇ ಉಳಿದುಬಿಡುತ್ತದೆ.

ಗಾಯ ಒಣಗಿದೆಯೋ ಇಲ್ಲವೋ ಎಂಬುದನ್ನೂ ನೋಡಿಕೊಳ್ಳಬೇಕು. ಹಸಿ ಗಾಯ ಹಿಡಿದು ವೇದಿಕೆ ಹತ್ತಿದರೆ ಕೇಳುವವರು ಕತೆ ಬಿಟ್ಟು ನಿಮ್ಮ ಆರೈಕೆಗೆ ನಿಲ್ಲುತ್ತಾರೆ, ಪಾಪ, ಬೇರೇನು ಮಾಡಿಯಾರು. ಪರೀಕ್ಷಿಸಲು ಒಂದು ದಾರಿ ಇದೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು ತಮ್ಮನ್ನು ಕಲಕಿದ ಘಟನೆಯ ಬಗ್ಗೆ ಸಾಲಾಗಿ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ಬರೆದ ಕೂಡಲೇ ಅವರಿಗೆ ಅನಿಸಿದ್ದು ಇನ್ನಷ್ಟು ಬೇಸರ. ಲಾಭ ಕಂಡದ್ದು ತಿಂಗಳುಗಳ ಮೇಲೆ. ಅವರ ಉದ್ದೇಶ ಆರೋಗ್ಯದ ಪರಿಣಾಮ ನೋಡುವುದಾಗಿತ್ತು. ಆ ನಾಲ್ಕು ದಿನದ ಕ್ರಮವನ್ನು ನಾವು ಬೇರೆ ಕೆಲಸಕ್ಕೆ ಎರವಲು ಪಡೆಯಬಹುದು. ಯಾರಿಗೂ ತೋರಿಸದೆ ಬರೆಯಿರಿ. ನಾಲ್ಕನೆಯ ದಿನದ ಬರಹದಲ್ಲೂ ನೀವು ಯಾರೊಂದಿಗೋ ಜಗಳವಾಡುತ್ತಲೇ ಇದ್ದರೆ ಆ ಸೋಲು ಇನ್ನೂ ಹಣ್ಣಾಗಿಲ್ಲ, ಬೇರೊಂದನ್ನು ಹುಡುಕಿ. ಬರೆಯುತ್ತ ಬರೆಯುತ್ತ ಎಲ್ಲೋ ನಗು ಬಂದಿದ್ದರೆ, ಅಥವಾ ‘ಅರೆ, ಅದು ಹಾಗಲ್ಲ’ ಎಂದು ನಿಮ್ಮನ್ನೇ ನೀವು ತಿದ್ದಿಕೊಂಡಿದ್ದರೆ, ಅದನ್ನು ಹೊರಗೆ ತರಬಹುದು.

ಕತೆಯೊಳಗೆ ಬೇರೆಯವರಿದ್ದರೆ ಮೊದಲೇ ಕೇಳಿಕೊಳ್ಳಿ. ಆ ಗೆಳತಿಗೆ ಫೋನ್ ಮಾಡಿ, ‘ನಿನ್ನ ಪೆನ್ಸಿಲ್ ಅಕ್ಷರ ತೋರಿಸಲಾ’ ಎಂದು ಕೇಳಲು ಎರಡು ನಿಮಿಷ ಸಾಕು. ಬೇಡ ಎಂದರೆ ಹೆಸರು, ಸಂಬಂಧ ಎರಡನ್ನೂ ಕಳಚಿ ‘ಓದಿದವರೊಬ್ಬರು’ ಎಂದರಾಯಿತು. ಅವರನ್ನು ಖಳರನ್ನಾಗಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ, ಆದರೆ ಸಭೆಯಲ್ಲಿ ಅವರಿಗೆ ಮಾತಾಡುವ ಅವಕಾಶವಿಲ್ಲ ಎಂಬುದು ನೆನಪಿರಲಿ.

ಈಗ ಭಾಷೆ. ಇಡೀ ಮಾತು ನಿಲ್ಲುವುದೂ ಬೀಳುವುದೂ ಇಲ್ಲೇ ಎಂದು ನನ್ನ ಎಣಿಕೆ. ಸೋಲನ್ನು ಯಾರ ಮೈಮೇಲೂ ಹಾಕದೆ ಹೇಳುವುದಕ್ಕೆ ಕನ್ನಡದಷ್ಟು ಅನುಕೂಲ ಮಾಡಿಕೊಡುವ ಭಾಷೆ ಸಿಗುವುದು ಕಷ್ಟ. ‘ಬರೆಯಲಿಲ್ಲ’ ಅನ್ನುವ ಜಾಗದಲ್ಲಿ ‘ಬರೆಯೋಕೆ ಆಗಲಿಲ್ಲ’ ಅನ್ನುತ್ತೇವೆ. ‘ನಿಲ್ಲಿಸಿದೆ’ ಅನ್ನುವ ಜಾಗದಲ್ಲಿ ‘ನಿಂತುಹೋಯಿತು’. ‘ಮುಚ್ಚಿಟ್ಟೆ’ ಅನ್ನುವ ಜಾಗದಲ್ಲಿ ‘ಹಾಗೇ ಉಳಿದುಬಿಟ್ಟಿತು’. ಆಗು, ಹೋಗು, ಬಿಡು, ಈ ಮೂರು ಕ್ರಿಯಾಪದಗಳು ಸೇರಿದರೆ ಯಾರೂ ಏನೂ ಮಾಡದೆಯೇ ಆರು ವರ್ಷ ಕಳೆದುಹೋಗುತ್ತದೆ. ‘ನಾನು’ ಇರಬೇಕಾದಲ್ಲಿ ‘ನನಗೆ’ ಬಂದು ಕೂರುತ್ತದೆ: ನನಗೆ ಸಮಯ ಸಿಗಲಿಲ್ಲ, ನನಗೆ ಹೊಳೆಯಲಿಲ್ಲ, ನನಗೆ ಧೈರ್ಯ ಬರಲಿಲ್ಲ. ಸಮಯ, ಹೊಳಹು, ಧೈರ್ಯ ಎಲ್ಲವೂ ಎಲ್ಲಿಂದಲೋ ಬರಬೇಕಾದ ನೆಂಟರು. ಬಾರದಿದ್ದರೆ ನಮ್ಮ ತಪ್ಪೇನು!

ಅದಕ್ಕೇ ಕರಡು ಮುಗಿದ ಮೇಲೆ ಒಂದು ಕೆಂಪು ಪೆನ್ನು ಹಿಡಿದು ಪ್ರತಿ ‘ಆಗಲಿಲ್ಲ’, ‘ಹೋಯಿತು’, ‘ಬಿಟ್ಟಿತು’ಗಳ ಕೆಳಗೆ ಗೆರೆ ಎಳೆಯಿರಿ. ಮೇಲಿನ ಲೇಖಕಿಯ ಮೊದಲ ಕರಡಿನಲ್ಲಿ ಹೀಗಿತ್ತು ಎಂದುಕೊಳ್ಳಿ: ‘ಕೆಲಸದ ಒತ್ತಡದಲ್ಲಿ ಕಾದಂಬರಿ ಮುಂದುವರಿಸೋಕೆ ಆಗಲೇ ಇಲ್ಲ. ಗೆಳತಿ ಒಳ್ಳೆ ಸಲಹೆ ಕೊಟ್ಟಿದ್ದಳು, ಆದರೆ ಅದು ಹಾಗೇ ಉಳಿದುಹೋಯಿತು. ಕೊನೆಗೊಂದು ದಿನ ಆಸಕ್ತಿಯೇ ಹೊರಟುಹೋಯಿತು.’ ತಿದ್ದಿದ ಮೇಲೆ: ‘ಅವಳು ಬರೆದದ್ದನ್ನು ಓದಿದೆ. ಸರಿ ಇದೆ ಅಂತ ಗೊತ್ತಾಯಿತು. 39 ಪುಟ ಹರಿದು ಹಾಕಬೇಕಿತ್ತು, ಹಾಕಲಿಲ್ಲ. ಹಾಳೆಯನ್ನು ಡ್ರಾಯರಿನಲ್ಲಿಟ್ಟು ಮೊದಲ ಅಧ್ಯಾಯವನ್ನು ಹನ್ನೆರಡನೇ ಸಲ ತಿದ್ದೋಕೆ ಕೂತೆ.’ ಎರಡನೆಯದರಲ್ಲಿ ‘ನಾನು’ ಎಂಬ ಪದ ಒಂದೂ ಇಲ್ಲ, ಗಮನಿಸಿ. ಓದಿದೆ, ಹಾಕಲಿಲ್ಲ, ಕೂತೆ ಎಂಬ ಕ್ರಿಯಾಪದಗಳೇ ಆ ಹೆಂಗಸನ್ನು ಕಣ್ಣೆದುರು ನಿಲ್ಲಿಸುತ್ತವೆ. (ಹಾಗೆಯೇ ಹನ್ನೊಂದು ಹನ್ನೆರಡಾಯಿತು. ತಿದ್ದುವಾಗ ಇಂಥ ನಿಜಗಳೂ ಹೊರಬೀಳುತ್ತವೆ.)

ಹಾಗಂತ ಎಲ್ಲ ‘ಆಗಲಿಲ್ಲ’ಗಳೂ ಸುಳ್ಳಲ್ಲ. ಕಾಯಿಲೆ ಬಿದ್ದಿದ್ದರೆ, ಮನೆ ನಡೆಸಲು ಎರಡು ಕಡೆ ದುಡಿಯಬೇಕಿದ್ದರೆ, ‘ಆಗಲಿಲ್ಲ’ ಎಂಬುದೇ ಸರಿಯಾದ ಮಾತು. ಅದನ್ನು ‘ಮಾಡಲಿಲ್ಲ’ ಎಂದು ಬದಲಿಸಿ ಎದೆ ಬಡಿದುಕೊಳ್ಳುವುದೂ ಇನ್ನೊಂದು ಬಗೆಯ ನಾಟಕ. ಗೆರೆ ಎಳೆದ ಪ್ರತಿ ಜಾಗದಲ್ಲೂ ಒಂದು ಕ್ಷಣ ನಿಂತು, ಇದು ಆಗದ್ದೋ ಮಾಡದ್ದೋ ಎಂದು ಕೇಳಿಕೊಂಡರೆ ಸಾಕು. ಇನ್ನು ‘ನಾವು ಕಲಾವಿದರು ಹೀಗೇ’, ‘ಮನುಷ್ಯ ಸ್ವಭಾವವೇ ಹಾಗೆ’ ಎಂದು ಬಹುವಚನಕ್ಕೆ ಓಡಿಹೋಗುವ ವಾಕ್ಯಗಳಿದ್ದರೆ ಹಿಂದೆ ಮುಂದೆ ನೋಡದೆ ಹೊಡೆದುಹಾಕಿ.

ಬರೆದದ್ದು ಬರೆದ ಹಾಗೇ ಬಾಯಿಗೆ ಬರುವುದಿಲ್ಲ ಎಂಬುದೂ ನಮ್ಮ ಭಾಷೆಯ ಒಂದು ತೊಡಕು. ‘ಪ್ರಯತ್ನಿಸಲಾರಂಭಿಸಿದೆನು’ ಎಂದು ಕಾಗದದಲ್ಲಿದ್ದರೆ ನಾಲಿಗೆ ಅಲ್ಲೇ ತೊಡರುತ್ತದೆ. ಕರಡನ್ನು ಕೈಯಲ್ಲಿ ಬರೆಯುವ ಮೊದಲು ಫೋನಿಗೆ ಹೇಳಿ, ಅದನ್ನು ಕೇಳಿಕೊಂಡು ಬರೆದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಮದ್ದು. ಆ ಧ್ವನಿಮುದ್ರಣದಲ್ಲೇ ‘ಆಕ್ಚುಲಿ’, ‘ಅಂದ್ರೆ’, ‘ಏನಪ್ಪಾ ಅಂದ್ರೆ’ಗಳನ್ನೂ ಎಣಿಸಬಹುದು. ಪೂರ್ತಿ ತೆಗೆಯಬೇಕಾಗಿಲ್ಲ, ಎರಡು ಮೂರು ಇದ್ದರೆ ಮಾತು ಮಾತಿನಂತಿರುತ್ತದೆ. ಒಂದು ನಿಮಿಷದಲ್ಲಿ ಹತ್ತು ಬಂದರೆ ಆ ಭಾಗದಲ್ಲಿ ಹೇಳಬೇಕಾದದ್ದೇ ನಿಮಗೆ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ. ಪದ ತೆಗೆದರೆ ಸಾಲದು, ಆ ಭಾಗವನ್ನೇ ಮತ್ತೆ ಯೋಚಿಸಬೇಕು.

ಶುರು ಎಲ್ಲಿಂದ? ಹುಟ್ಟಿದ್ದು, ಓದಿದ್ದು, ಚಿಕ್ಕಂದಿನಿಂದಲೂ ಬರವಣಿಗೆಯ ಹುಚ್ಚು, ಇವೆಲ್ಲ ಬೇಡ. ‘ಸೋಲೇ ಗೆಲುವಿನ ಮೆಟ್ಟಿಲು’ ಅಂತೂ ಬೇಡವೇ ಬೇಡ; ಆ ಮೆಟ್ಟಿಲು ಹತ್ತಿದರೆ ಕೆಳಗಿಳಿದು ಸೋಲಿನ ಹತ್ತಿರ ಬರಲು ಮತ್ತೆ ದಾರಿಯಿಲ್ಲ. ‘ನಾನೇನೂ ದೊಡ್ಡ ಮಾತುಗಾರ್ತಿಯಲ್ಲ, ತಪ್ಪಿದ್ದರೆ ಕ್ಷಮಿಸಿ’ ಎಂಬುದೂ ಇಪ್ಪತ್ತು ಸೆಕೆಂಡು ತಿನ್ನುತ್ತದೆ. ‘ಈ ಹಾಳೆ ನನ್ನ ಡ್ರಾಯರಿನಲ್ಲಿ ನಾಲ್ಕು ವರ್ಷ ಇತ್ತು’ ಎಂದು ಶುರು ಮಾಡಿ, ಹಾಳೆ ಎತ್ತಿ ಹಿಡಿಯಿರಿ. ಅಲ್ಲಿಂದ ಸುಮಾರು ನಲವತ್ತು ಸೆಕೆಂಡು ಆ ದೃಶ್ಯ. ಆಮೇಲೆ ಒಂದು ನಿಮಿಷ, ಏನು ಬರೆಯಬೇಕೆಂದು ಹೊರಟಿದ್ದಿರಿ ಎಂಬುದು. ಆಸೆ ಎಷ್ಟು ದೊಡ್ಡದಿತ್ತು ಎಂದು ಗೊತ್ತಾಗದಿದ್ದರೆ ಕಳೆದುಕೊಂಡದ್ದರ ತೂಕವೂ ಗೊತ್ತಾಗದು, ಇದನ್ನು ಬಹಳ ಜನ ನಾಚಿಕೆಯಿಂದ ಹಾರಿಸಿಬಿಡುತ್ತಾರೆ. ನಡುವಿನ ಎರಡು ಎರಡೂವರೆ ನಿಮಿಷ ನಿರ್ಧಾರಗಳ ಸರಪಳಿ, ಒಂದಾದ ಮೇಲೆ ಒಂದು, ಮೂರಕ್ಕಿಂತ ಹೆಚ್ಚು ಬೇಡ. ಆಮೇಲೆ ಕೈಬಿಟ್ಟ ದಿನ. ಉಳಿದದ್ದು, ಇವತ್ತು ಆ 214 ಪುಟ ಎಲ್ಲಿದೆ ಎಂಬುದು. ಪಾಠ ಹೇಳುವ ಭಾಗಕ್ಕೆ ಇದರಲ್ಲಿ ಜಾಗ ಇಟ್ಟಿಲ್ಲ. ಕೇಳುವವರು ತಮಗೆ ಬೇಕಾದದ್ದನ್ನು ತಾವೇ ತೆಗೆದುಕೊಳ್ಳುತ್ತಾರೆ.

ಮೊದಲ ಮೂರು ವಾಕ್ಯ, ಕೊನೆಯ ಎರಡು ವಾಕ್ಯ ಅಕ್ಷರಶಃ ಬಾಯಿಪಾಠ ಇರಲಿ. ನಡುವಿನದು ಬೇಡ. ಎಲ್ಲವನ್ನೂ ಉರು ಹೊಡೆದವರು ಒಂದು ಪದ ತಪ್ಪಿದರೆ ಪೂರ್ತಿ ನಿಂತುಬಿಡುತ್ತಾರೆ, ಏನೂ ಉರು ಹೊಡೆಯದವರು ಹೇಗೆ ಮುಗಿಸುವುದೆಂದು ತಿಳಿಯದೆ ‘ಅಷ್ಟೇ... ಥ್ಯಾಂಕ್ಯೂ’ ಎಂದು ಇಳಿಯುತ್ತಾರೆ. ನಡುವಿನದಕ್ಕೆ ಅಂಗೈಯಷ್ಟಗಲದ ನಾಲ್ಕೈದು ದಪ್ಪ ಚೀಟಿಗಳು ಸಾಕು, ಒಂದೇ ಬದಿಗೆ, ದೊಡ್ಡ ಅಕ್ಷರದಲ್ಲಿ, ಮೂಲೆಯಲ್ಲಿ ಅಂಕೆ ಹಾಕಿ. ಮೂಲೆಗೆ ತೂತು ಮಾಡಿ ದಾರ ಕಟ್ಟಿದರೆ ಕೈಜಾರಿದರೂ ಕ್ರಮ ಕೆಡುವುದಿಲ್ಲ. ತೆಳು ಹಾಳೆ ಬೇಡ, ಕೈ ನಡುಗಿದರೆ ಅದು ಮೈಕಿನಲ್ಲಿ ಪಟಪಟ ಎನ್ನುತ್ತದೆ. ಫೋನ್ ನೋಡಿ ಮಾತಾಡುವುದೂ ಬೇಡ, ಸರಿಯಾದ ಹೊತ್ತಿಗೇ ಪರದೆ ಆರಿಹೋಗುತ್ತದೆ.

ನಿರೂಪಕರಿಗೆ ನಿಮ್ಮ ಪರಿಚಯದ ಎರಡು ಸಾಲು ಮೊದಲೇ ಬರೆದುಕೊಡಿ. ಸಣ್ಣ ವಿಷಯದಂತೆ ಕಂಡರೂ ಇದರ ಹಿಂದೆ ಕಾರಣವಿದೆ. 1966ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ರಸಪ್ರಶ್ನೆಯಲ್ಲಿ ಶೇ. 92 ಉತ್ತರ ಸರಿ ಹೇಳಿದವನು ಕೊನೆಗೆ ಕಾಫಿ ಚೆಲ್ಲಿಕೊಂಡಾಗ ಕೇಳುಗರಿಗೆ ಅವನ ಮೇಲಿನ ಇಷ್ಟ ಹೆಚ್ಚಾಯಿತು, ಶೇ. 30ರಷ್ಟೇ ಸರಿ ಹೇಳಿದವನು ಅದೇ ಥರ ಚೆಲ್ಲಿಕೊಂಡಾಗ ಇಷ್ಟ ಕಡಿಮೆಯಾಯಿತು. ಕೆಲಸ ಬಲ್ಲವರು ಎಂದು ಗೊತ್ತಿದ್ದಾಗಲೇ ಎಡವಿದ್ದು ಆಪ್ತವಾಗಿ ಕಾಣುತ್ತದೆ. ಆದರೆ ಕೆಲಸ ಬಲ್ಲೆ ಎಂಬುದನ್ನು ನೀವೇ ಹೇಳಿಕೊಂಡರೆ ಮತ್ತೆ ಮೀಸೆ ಒರೆಸಿಕೊಂಡ ಹಾಗಾಗುತ್ತದೆ. ಅದನ್ನು ನಿರೂಪಕರ ಬಾಯಿಗೆ ಬಿಡಿ: ಎರಡು ಕಥಾಸಂಕಲನ ಬರೆದಿದ್ದಾರೆ, ಇಂತಿಷ್ಟು ವರ್ಷದಿಂದ ಬರೆಯುತ್ತಿದ್ದಾರೆ. ಅಷ್ಟು ಸಾಕು. ಇದೇ ಕಾರಣಕ್ಕೆ ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುವುದಕ್ಕೂ ಮಿತಿ ಇರಲಿ. ಮೊದಲ ಸಲ ನಗು ಬರುತ್ತದೆ, ಎರಡನೆಯ ಸಲವೂ. ನಾಲ್ಕನೆಯ ಸಲಕ್ಕೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ.

ಅಭ್ಯಾಸಕ್ಕೆ ಕನ್ನಡಿ ಅಷ್ಟೇನೂ ಉಪಯೋಗವಿಲ್ಲ. ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಪೂರ್ತಿ ಹೇಳಿ. ‘ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂದೇ ಉತ್ತರ ಬರುತ್ತದೆ. ಎಲ್ಲಿ ಗಮನ ಬೇರೆ ಕಡೆ ಹೋಯಿತು, ಎಲ್ಲಿ ನನ್ನ ಮೇಲೆ ಕನಿಕರ ಬಂತು, ಎಲ್ಲಿ ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಅನಿಸಿತು ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಸಿಗುವ ಉತ್ತರ ಚಿನ್ನ. ಹತ್ತು ದಿನದ ಅವಕಾಶವಿದ್ದರೆ ಇಂಥ ಮೂರು ಸುತ್ತು ಸಾಕು. ಅದಕ್ಕಿಂತ ಹೆಚ್ಚಾದರೆ ದುಃಖದ ಜಾಗಗಳು ಉಜ್ಜಿ ಉಜ್ಜಿ ನುಣುಪಾಗಿ, ಅಭಿನಯದಂತೆ ಕೇಳತೊಡಗುತ್ತವೆ.

ವೇದಿಕೆಯ ಭಯದ ಬಗ್ಗೆ ಎರಡೇ ಮಾತು. ಒಳಗೆ ಎದೆ ಎಷ್ಟು ಹೊಡೆದುಕೊಳ್ಳುತ್ತಿದೆಯೋ ಅಷ್ಟೂ ಹೊರಗೆ ಕಾಣುತ್ತಿದೆ ಎಂದು ಮಾತಾಡುವವರಿಗೆ ಅನಿಸುತ್ತದೆ, ಕೇಳುವವರಿಗೆ ಅಷ್ಟು ಕಾಣುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ವಿಷಯ ಮೊದಲೇ ತಿಳಿದಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಇನ್ನು ಮೈಕು: ಕೈಯಲ್ಲಿ ಹಿಡಿಯುವುದಾದರೆ ಬಾಯಿಂದ ಮುಷ್ಟಿಯಷ್ಟು ದೂರ, ಗದ್ದಕ್ಕೆ ತುಸು ಕೆಳಗೆ, ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಕೀಂ ಎಂದು ಕೂಗುತ್ತದೆ. ದುಃಖದ ಮಾತು ಹೇಳುವಾಗ ದನಿ ತಾನಾಗಿ ಇಳಿಯುತ್ತದೆ, ಕೈಯೂ ಇಳಿಯುತ್ತದೆ. ಎರಡೂ ಸೇರಿ, ಮುಖ್ಯವಾದ ವಾಕ್ಯವೇ ಹಿಂದಿನ ಸಾಲಿಗೆ ಕೇಳಿಸದೆ ಹೋಗುತ್ತದೆ.

ಗಂಟಲು ಕಟ್ಟಿದರೆ? ಉಸಿರು ಎಳೆದುಕೊಳ್ಳಲು ಹೋಗಬೇಡಿ, ಮೊದಲು ಪೂರ್ತಿ ಹೊರಗೆ ಬಿಡಿ. ಒಂದು ಗುಟುಕು ನೀರು ಕುಡಿಯಿರಿ, ಅದಕ್ಕಾಗಿಯೇ ಮುಚ್ಚಳ ತೆಗೆದ ಬಾಟಲಿ ಹತ್ತಿರವಿರಲಿ. ‘ಸಾರಿ’ ಅನ್ನಬೇಡಿ. ನಿಂತ ವಾಕ್ಯವನ್ನೇ ಮೊದಲಿಂದ, ತುಸು ನಿಧಾನವಾಗಿ ಹೇಳಿ. ನಿಮಗೆ ಅರ್ಧ ಗಂಟೆಯಂತೆ ಅನಿಸಿದ್ದು ಗಡಿಯಾರದಲ್ಲಿ ಏಳೆಂಟು ಸೆಕೆಂಡು ಇರುತ್ತದೆ. ಯಾವ ಜಾಗದಲ್ಲಿ ಹೀಗಾಗಬಹುದು ಎಂದು ಅಭ್ಯಾಸದಲ್ಲೇ ಗೊತ್ತಾಗಿರುತ್ತದೆ. ಆ ಜಾಗದ ವಾಕ್ಯಗಳನ್ನು ಚಿಕ್ಕದಾಗಿ, ನಾಲ್ಕೈದು ಪದಕ್ಕೆ ನಿಲ್ಲುವಂತೆ ಬರೆದುಕೊಂಡಿರಿ. ಉದ್ದ ವಾಕ್ಯದ ನಡುವೆ ಅಳು ಬಂದರೆ ಕ್ರಿಯಾಪದ ತಲುಪುವುದೇ ಇಲ್ಲ, ಕನ್ನಡದಲ್ಲಿ ಅದು ಕೂತಿರುವುದೇ ಕೊನೆಯಲ್ಲಿ.

ಮಾತು ವಿಡಿಯೋ ಆಗುತ್ತದೆಯೇ, ಎಲ್ಲಿ ಹಾಕುತ್ತಾರೆ, ಬೇಡವೆಂದರೆ ತೆಗೆಯುತ್ತಾರೆಯೇ ಎಂದು ಹಿಂದಿನ ದಿನವೇ ಕೇಳಿ ಬರಹದಲ್ಲಿ ಪಡೆಯಿರಿ. ಎದುರಿಗೆ ಕೂತ ಅರವತ್ತು ಜನಕ್ಕೆ ಹೇಳುವುದು ಬೇರೆ, ಯಾವಾಗ ಬೇಕಾದರೂ ಯಾರು ಬೇಕಾದರೂ ನೋಡುವುದಕ್ಕೆ ಬಿಡುವುದು ಬೇರೆ.

ಇಳಿದ ಮೇಲೆ ಕೆಲವರು ಹುಡುಕಿಕೊಂಡು ಬರುತ್ತಾರೆ. ಅರ್ಧ ಜನ ತಮ್ಮ ಡ್ರಾಯರಿನ ಕತೆ ಹೇಳುವವರು. ಸಲಹೆ ಕೊಡಬೇಡಿ, ಎಷ್ಟು ಪುಟ ಆಗಿತ್ತು ಎಂದು ಕೇಳಿ, ಅವರೇ ಮಾತಾಡುತ್ತಾರೆ. ಉಳಿದ ಅರ್ಧ ನಿಮ್ಮನ್ನು ಎತ್ತಿ ನಿಲ್ಲಿಸಲು ಬಂದವರು. ಪ್ರಶ್ನೋತ್ತರದಲ್ಲೂ ಕಾರಿಡಾರಿನಲ್ಲೂ ಅವರ ಪ್ರಶ್ನೆ ಒಂದೇ: ‘ಈಗ ಮುಗಿಸಿದ್ದೀರಲ್ಲವಾ ಕಾದಂಬರಿ?’ ಇದಕ್ಕೆ ಉತ್ತರ ಮೊದಲೇ ಸಿದ್ಧವಿರಲಿ, ಇಲ್ಲದಿದ್ದರೆ ಆ ಮುಖಗಳನ್ನು ನೋಡಿ ‘ಹೂಂ, ಮತ್ತೆ ಶುರು ಮಾಡ್ತಿದ್ದೀನಿ’ ಎಂದು ಬಾಯಿಗೆ ಬಂದುಬಿಡುತ್ತದೆ. ಮುಗಿಸಿಲ್ಲದಿದ್ದರೆ ‘ಇಲ್ಲ’ ಎನ್ನಿ. ಆಮೇಲೆ ಬರುವ ಮೌನವನ್ನು ತುಂಬಲು ಹೋಗಬೇಡಿ.